ಕಳ್ಳಜೇಬು

ನಮ್ಮ ಮನೆಯವರು ತೊಡುವ ಪ್ರತಿಯೊಂದು ಒಳಂಗಿಗೂ ಒಂದು ಕಳ್ಳಜೇಬು ಇರುತ್ತದೆ. ಎಡಗಡೆ, ಕಂಕುಳಿನಿಂದ ಒಂದು ಅಂಗೈ ಕೆಳಗೆ, ಒಳಮೈಗೆ ಅಂಟಿಕೊಂಡಂತೆ. ಹೊರಗಿನಿಂದ ಹೊಲಿಗೆಯ ಗುರುತೂ ಕಾಣುವುದಿಲ್ಲ. ಕಂಡರೆ ಅದು ಕಳ್ಳಜೇಬು ಹೇಗಾದೀತು? ಅಮ್ಮ ವಯಸ್ಸಿನಲ್ಲಿದ್ದಾಗ ತುಂಬಿದ ಬಸ್ಸಿನಲ್ಲಿ ಯಾರೋ ಅವಳ ಚೀಲಕ್ಕೆ ಬ್ಲೇಡು ಹಾಕಿದ್ದರಂತೆ. ಅಂದಿನಿಂದ ಅವಳು ಮನುಷ್ಯರ ಮೇಲಿನ ನಂಬಿಕೆಯನ್ನು ಕಳೆದುಕೊಂಡು ಒಳಂಗಿಗೆ ಜೇಬು ಹೊಲಿಯಲು ಶುರುಮಾಡಿದಳು. ನಂತರ ಹೊಲಿಗೆ ನನ್ನ ಕೈಗೆ ಬಂತು, ಅದರ ಜೊತೆ ನಿಯಮವೂ ಬಂತು. ಕಳ್ಳಜೇಬಿನ ಸುದ್ದಿಯನ್ನು ಯಾರ ಮುಂದೆಯೂ ಎತ್ತಬಾರದು. ಯಾರಾದರೂ ಜೇಬಿದೆಯಾ ಎಂದು ಕೇಳಿದರೆ ಇಲ್ಲ ಎನ್ನಬೇಕು. ಇದು ಸುಳ್ಳಲ್ಲ, ಅಮ್ಮನ ಪ್ರಕಾರ. ಜೇಬು ಎಂದರೆ ಜನ ನೋಡುವಂಥದ್ದು. ಇದು ಮೈಯ ಒಂದು ಭಾಗ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಿರಾಕಿಗಳು ಹೇಳುತ್ತಾರೆ. ಅಳತೆ ಕೊಟ್ಟು ಹೋಗಿ ಆಮೇಲೆ ಹೊಟ್ಟೆ ಬೆಳೆಸಿಕೊಂಡು ಬರುವವರನ್ನು ಕಂಡರೆ ಯಾರಿಗೆ ಕೋಪ ಬರುವುದಿಲ್ಲ ಹೇಳಿ. ನನ್ನ ತಂಗಿ ಕಾರು ಓಡಿಸುವುದನ್ನು ಕಲಿಸುತ್ತಾಳೆ. ಅವಳ ಶಿಷ್ಯರು ಬೆನ್ನ ಹಿಂದೆ ಅವಳನ್ನು ಬ್ರೇಕ್ ಮೇಡಂ ಎನ್ನುತ್ತಾರೆ. ಅವಳಿಗೆ ಅದು ಗೊತ್ತು, ಒಳಗೊಳಗೇ ಖುಷಿಯೂ ಇದೆ. ನಾವಿಬ್ಬರೂ ಮದುವೆಯ ಗೊಡವೆಗೆ ಹೋಗಲಿಲ್ಲ. ಅಮ್ಮ, ನಾನು, ಅವಳು, ಒಂದು ಹೊಲಿಗೆ ಯಂತ್ರ, ಒಂದು ಹಳೆಯ ಕಾರು. ಇಷ್ಟೇ ನಮ್ಮ ಸಂಸಾರ.

ಗಂಟು ಸಿಕ್ಕಿದ್ದು ನನ್ನ ಬೆರಳಿಗೇ. ತಂಗಿಯ ಹೊಸ ಅಂಗಿಯ ಕಾಲರಿಗೆಂದು ಕೊರಳ ಅಳತೆ ತೆಗೆಯುತ್ತಿದ್ದೆ. ಟೇಪಿನ ಕೆಳಗೆ ಹುಣಸೆ ಬೀಜದಷ್ಟು ಗಟ್ಟಿಯಾದದ್ದೇನೋ ಸರಿದು ಹೋಯಿತು. "ಇದೇನೇ ಇದು?" ಎಂದೆ. "ನೀನು ಕೊರಳು ಹಿಸುಕೋದು ಬಿಟ್ಟರೆ ತಾನೇ ಹೋಗುತ್ತೆ" ಎಂದಳು. ಅದು ಹೋಗಲಿಲ್ಲ. ಪರೀಕ್ಷೆಯಾಯಿತು, ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಎಂದರು, ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದರು. ಬೀದಿಯ ಆ ತುದಿಗೆ ಕೇಳುವಂತೆ "ಬ್ರೇಕ್!" ಎನ್ನುತ್ತಿದ್ದವಳು ಕೆಲವು ವಾರ ಪಿಸುಗುಟ್ಟುತ್ತಲೇ ಬದುಕಿದಳು. ನಮ್ಮ ಮನೆಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಕಂಡೇ ಇರಲಿಲ್ಲ. ನನಗೆ ಅದು ಒಂಚೂರೂ ಹಿಡಿಸಲಿಲ್ಲ.

ಆಮೇಲೆ ಬಂದದ್ದು ಅಯೋಡಿನ್. ವಿಕಿರಣ ಸೂಸುವ ಅಯೋಡಿನ್ನಿನ ಒಂದು ಮಾತ್ರೆ. ಅದನ್ನು ಕೊಡುವ ಮೊದಲು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ಥೈರಾಯ್ಡಿನ ಜೀವಕೋಶಗಳಿಗೆ ಅಯೋಡಿನ್ ಎಂದರೆ ಪ್ರಾಣ. ಮೈಯಲ್ಲಿ ಎಲ್ಲಿ ಅಡಗಿ ಕೂತಿದ್ದರೂ ಅದನ್ನು ಕಂಡರೆ ಬಾಚಿಕೊಳ್ಳುತ್ತವೆ. ಹಾಗೆ ಬಾಚಿಕೊಂಡದ್ದೇ ಅವಕ್ಕೆ ಮುಳುವು. ಅಯೋಡಿನ್ ಜೊತೆ ಒಳಹೊಕ್ಕ ವಿಕಿರಣ ಅವನ್ನು ಅಲ್ಲೇ ಸುಡುತ್ತದೆ. ಒಂದು ವಾರ ಕಳೆದು ಕ್ಯಾಮೆರಾದ ಕೆಳಗೆ ಮಲಗಿಸಿದರೆ ಅಯೋಡಿನ್ ಎಲ್ಲೆಲ್ಲಿ ಸೇರಿದೆಯೋ ಅಲ್ಲೆಲ್ಲ ಕಪ್ಪು ಚುಕ್ಕೆ ಮೂಡುತ್ತದೆ. ಕೊರಳಲ್ಲಿ ಮೂಡಿದರೆ ಹೆದರಬೇಕಿಲ್ಲ, ಅದು ಆಪರೇಷನ್ನಿನಲ್ಲಿ ಉಳಿದುಹೋದ ಚೂರುಪಾರು. ಬಾಯಿ, ಹೊಟ್ಟೆ, ಮೂತ್ರಕೋಶದಲ್ಲಿ ಮೂಡುವುದೂ ಸಹಜ.

"ಬೇರೆಲ್ಲಾದ್ರೂ ಮೂಡಿದ್ರೆ?" ನಾನು ಕೇಳಿದೆ.

"ಅಲ್ಲಿಗೂ ಹರಡಿದೆ ಅಂತ ಅರ್ಥ ಆಗಬಹುದು" ಎಂದರು ಡಾಕ್ಟರು. ಮಾತನ್ನು ತೇಲಿಸದೆ ನೇರವಾಗಿ ಹೇಳುವ ಹೆಂಗಸು. ನನಗೆ ಆ ಗುಣ ಹಿಡಿಸಿತು, ಆ ಉತ್ತರ ಹಿಡಿಸಲಿಲ್ಲ.

ಮಾತ್ರೆ ನುಂಗಿದ ಮೇಲೆ ಅವಳನ್ನು ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ಇಟ್ಟುಕೊಂಡು, ವಿಕಿರಣ ಇಳಿದ ಮೇಲೆ ಮನೆಗೆ ಕಳಿಸಿದರು. ಮನೆಯಲ್ಲೂ ಇನ್ನಷ್ಟು ದಿನ ದೂರವೇ ಇರಬೇಕು. ಹಿಂದಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟೆವು. ತಟ್ಟೆ ಲೋಟ ಬೇರೆ, ಬಟ್ಟೆ ಒಗೆಯುವುದು ಬೇರೆ. ಬಾಯಿ ಒಣಗದಂತೆ ನಿಂಬೆಹುಳಿಯ ಮಿಠಾಯಿ ಚೀಪುತ್ತಿರಬೇಕು, ನೀರು ಕುಡಿಯುತ್ತಿರಬೇಕು. ಬಾಯಿ ಮೂಗು ಒರೆಸಲು ಕಾಗದ ಬಳಸಿ, ಅದನ್ನು ಶೌಚಾಲಯಕ್ಕೆ ಹಾಕಿ ನೀರು ಬಿಡಬೇಕು, ಕರವಸ್ತ್ರ ಬೇಡ ಎಂದು ನರ್ಸ್ ಒತ್ತಿ ಒತ್ತಿ ಹೇಳಿದ್ದರು. ತಂಗಿ ಅವರ ಮುಂದೆ ತಲೆಯಾಡಿಸಿದಳು. ಮನೆಗೆ ಬಂದು, "ಕಾಗದದಲ್ಲಿ ಸುತ್ತೋಕೆ ನನ್ನ ಮೂಗೇನು ಪಾರ್ಸೆಲ್ಲಾ?" ಎಂದಳು. ಅವಳ ತಮಾಷೆಗೆ ನಾನು ಬಾಗಿಲ ಈಚೆ ನಿಂತು ನಕ್ಕೆ. ಅಲ್ಲಿಗೆ ಆ ಮಾತನ್ನು ಮರೆತೂಬಿಟ್ಟೆ.

ಆ ವಾರವಿಡೀ ಅವಳು ಮುಚ್ಚಿದ ಬಾಗಿಲ ಹಿಂದಿನಿಂದ ಜೋಕು ಹೊಡೆಯುತ್ತಲೇ ಇದ್ದಳು. ಕರೆಂಟು ಹೋದರೆ ನನ್ನನ್ನೇ ದೀಪ ಮಾಡಿಕೊಳ್ಳಿ ಎನ್ನುವಳು. ಅಯೋಡಿನ್ ಮಾತ್ರೆಗೆಂದು ಹಿಡಿದಿದ್ದ ಉಪ್ಪಿಲ್ಲದ ಪಥ್ಯ ಮುಗಿದ ಮೇಲೆ ನಾನು ಮಾಡಿದ ಮೊದಲ ಅಡುಗೆ ತಿಂದು, "ಅಕ್ಕಾ, ಉಪ್ಪಿಲ್ಲದ್ದೇ ವಾಸಿ ಇತ್ತು" ಎಂದಳು. ಇವಳಿಗೆ ಭಯವೆಂಬುದೇ ಇಲ್ಲವೇ ಎಂದು ನನಗೆ ಸೋಜಿಗ. ಒಂದು ಕಡೆಯಿಂದ ಸಿಟ್ಟು ಕೂಡ. ನಾನು ಮುಂದಿನ ಕೋಣೆಯಲ್ಲಿ ಕೂತು ಹಗಲೆಲ್ಲ ಯಂತ್ರ ತುಳಿಯುತ್ತಿದ್ದೆ. ಕಟಕಟ ಸದ್ದು ಮನೆ ತುಂಬ. ಒಮ್ಮೆ ಅಮ್ಮ ಬಂದು ನೋಡಿ, "ಬಟ್ಟೆಯೇ ಇಲ್ಲದೆ ಏನೇ ಹೊಲೀತಿದ್ದೀಯ?" ಎಂದಳು. ಯಂತ್ರಕ್ಕೆ ಎಣ್ಣೆ ಬಿಟ್ಟಿದ್ದೇನೆ, ಓಡಿಸಬೇಕು ಎಂದೆ. ಅಮ್ಮ ಮತ್ತೇನೂ ಕೇಳದೆ ಹೋದಳು.

ಸ್ಕ್ಯಾನಿನ ದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ, ನಾನು ಹೊಲಿದಿಟ್ಟ ಹೊಸ ಒಳಂಗಿ ತೊಟ್ಟು, ಕಾರಿನ ಹಿಂದಿನ ಸೀಟಿನ ಆ ಮೂಲೆಯಲ್ಲಿ ಕೂತಳು. ನನ್ನಿಂದ ಆದಷ್ಟು ದೂರ. ಓಡಿಸಬೇಕಾದವಳು ನಾನು. ನನಗೆ ಓಡಿಸಲು ಬರುತ್ತದೆ ಎನ್ನುವುದನ್ನು ಸರ್ಕಾರ ಒಪ್ಪಿದೆ, ತಂಗಿ ಒಪ್ಪಿಲ್ಲ.

"ಕ್ಲಚ್ ಅಕ್ಕ, ಕ್ಲಚ್. ಅದು ಹೊಲಿಗೆ ಮೆಷಿನ್ ಅಲ್ಲ, ಹಾಗೆ ತುಳೀಬೇಡ."

"ಬಾಯಿ ಮುಚ್ಕೊಂಡು ಮಿಠಾಯಿ ಚೀಪು."

"ಎಡಗಡೆ ಸೈಕಲ್ಲು."

"ಕಾಣುತ್ತೆ ನನಗೆ!"

ಸೈಕಲ್ಲು ನನಗೆ ಕಂಡಿರಲಿಲ್ಲ.

ಸ್ಕ್ಯಾನ್ ವಿಭಾಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಉದ್ದನೆಯ ಹಾದಿ, ಗೋಡೆಗೆ ತಿಳಿಹಸಿರು ಬಣ್ಣ, ಒಂದೇ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳು, ಕೊನೆಯಲ್ಲಿ ವಿಕಿರಣದ ಹಳದಿ ಗುರುತು ಅಂಟಿಸಿದ ದಪ್ಪ ಬಾಗಿಲು. ಸ್ಕ್ಯಾನ್ ತೆಗೆಯುವ ಟೆಕ್ನೀಷಿಯನ್ ನಡುವಯಸ್ಸಿನವರು. ಸಾವಿರ ಸಲ ಹೇಳಿ ಸವೆದ ಮಾತುಗಳನ್ನು ಒಂದೇ ರಾಗದಲ್ಲಿ ಹೇಳುತ್ತಿದ್ದರು. ವಾಚು ತೆಗೀರಿ, ಸರ ತೆಗೀರಿ, ಮೇಲಂಗಿ ತೆಗೆದು ಈ ಗೌನ್ ಹಾಕ್ಕೊಳ್ಳಿ. ಒಳಗೆ ಚಳಿ ಇರುತ್ತೆ, ಹತ್ತಿಯ ಒಳಂಗಿ ಇದ್ದರೆ ಇರಲಿ.

"ಜೇಬಲ್ಲಿ ಏನಾದ್ರೂ ಇದೆಯಾ?"

ತಂಗಿ ಗೌನನ್ನು ಎರಡೂ ಕೈಯಿಂದ ಹರಡಿ ತೋರಿಸಿದಳು. "ಜೇಬೇ ಇಲ್ವಲ್ಲ ಸಾರ್."

ಕಣ್ಣು ಮಿಟುಕಿಸದೆ ಹೇಳಿದಳು. ಅಮ್ಮ ಬೆಳೆಸಿದ ಮಕ್ಕಳು ನಾವು.

ಬಾಗಿಲು ಮುಚ್ಚಿತು. ನಾನು ಹೊರಗೆ ಕುರ್ಚಿಯಲ್ಲಿ ಕೂತು ಎದುರಿನ ಗೋಡೆ ನೋಡಿದೆ. ಒಂದು ಗಂಟೆಯ ಕೆಲಸ ಎಂದಿದ್ದರು. ಒಂದು ಗಂಟೆ ಕಳೆಯಿತು, ಬಾಗಿಲು ತೆರೆಯಲಿಲ್ಲ. ನನ್ನ ನಂತರ ಬಂದು ಕೂತವರೊಬ್ಬರು ಬೇರೆ ಕೋಣೆಗೆ ಹೋಗಿ, ಕೆಲಸ ಮುಗಿಸಿ, ನನಗೊಂದು ನಗೆ ಬೀರಿ ಮನೆಗೆ ಹೊರಟೇಹೋದರು. ಅವರ ಮೇಲೂ ನನಗೆ ಸಿಟ್ಟು ಬಂತು.

ಕೊನೆಗೆ ಡಾಕ್ಟರೇ ಹೊರಗೆ ಬಂದರು. ಒಬ್ಬರೇ.

"ನಿಮ್ಮ ತಂಗಿಗೆ ಹಿಂದೆ ಯಾವಾಗಾದ್ರೂ ಪಕ್ಕೆಲುಬಿಗೆ ಪೆಟ್ಟು ಬಿದ್ದಿತ್ತಾ? ಬಿದ್ದು ಮೂಳೆ ಮುರಿದದ್ದು, ಅಪಘಾತ, ಏನಾದ್ರೂ?"

"ಇಲ್ಲ. ಯಾಕೆ?"

"ಅವರೂ ಇಲ್ಲ ಅಂದ್ರು. ನೆನಪಿಲ್ಲದೆ ಇರಬಹುದು ಅಂತ ನಿಮ್ಮನ್ನೂ ಕೇಳಿದೆ."

"ಏನು ಕಾಣಿಸ್ತು ಹೇಳಿ ಡಾಕ್ಟ್ರೇ. ನೀವು ಸುತ್ತಿ ಬಳಸಿ ಮಾತಾಡೋರಲ್ಲ."

ತಂಗಿಗೆ ಹೇಳಿ ಆಗಿದೆ, ನಿಮಗೂ ತೋರಿಸಲು ಅವರೇ ಹೇಳಿದ್ದಾರೆ ಎಂದು ಪಕ್ಕದ ಪುಟ್ಟ ಕೋಣೆಗೆ ಕರೆದುಕೊಂಡು ಹೋದರು. ಪರದೆಯ ಮೇಲೆ ಬೂದುಬಣ್ಣದ ಒಂದು ಮನುಷ್ಯಾಕಾರ. ಮೂಗಿಲ್ಲ, ಕಣ್ಣಿಲ್ಲ, ಮಬ್ಬಾದ ಅಂಚು ಮಾತ್ರ. ಅದು ನನ್ನ ತಂಗಿ ಎನ್ನಲು ಮನಸ್ಸು ಒಪ್ಪಲಿಲ್ಲ. ಕೊರಳಲ್ಲಿ ಒಂದು ಸಣ್ಣ ಕಪ್ಪು ಕಲೆ. ಅದು ಇರಬೇಕಾದದ್ದೇ ಎಂದರು. ಬಾಯಿಯ ಸುತ್ತ, ಹೊಟ್ಟೆಯಲ್ಲಿ, ಕೆಳಗೆ ಮೂತ್ರಕೋಶದಲ್ಲಿ ಮಬ್ಬುಮಬ್ಬಾಗಿ. ಅವೂ ಸರಿ. ಆಮೇಲೆ ಅವರ ಪೆನ್ನು ಎಡಗಡೆ ಪಕ್ಕೆಯ ಮೇಲೆ ನಿಂತಿತು. ಅಲ್ಲಿ ಒಂದು ಚುಕ್ಕೆ. ಶಾಯಿ ಚೆಲ್ಲಿದಷ್ಟು ಕಪ್ಪು. ಕೊರಳಿನದಕ್ಕಿಂತ ದೊಡ್ಡದು.

"ಇದು?" ಎಂದೆ.

"ಪಕ್ಕೆಲುಬಲ್ಲಿ ಇರಬಹುದು, ಅದರ ಹಿಂದೆ ಶ್ವಾಸಕೋಶದಲ್ಲಿ ಇರಬಹುದು. ಎರಡೂ ಅಲ್ಲದೆಯೂ ಇರಬಹುದು. ಈಗಲೇ ಏನೂ ಹೇಳಲ್ಲ ನಾನು. ಪಕ್ಕದಿಂದ ಒಂದು ಚಿತ್ರ ತೆಗೆದು, ಸಿಟಿ ಸ್ಕ್ಯಾನ್ ಜೊತೆ ಹೊಂದಿಸಿ ನೋಡಿದ್ರೆ ಎಷ್ಟು ಆಳದಲ್ಲಿದೆ ಅಂತ ಗೊತ್ತಾಗುತ್ತೆ. ಆ ಮೆಷಿನ್ನಲ್ಲಿ ಬೇರೊಬ್ಬರಿದ್ದಾರೆ, ಮುಗಿದ ತಕ್ಷಣ ಇವರನ್ನ ತಗೋತೀವಿ." ಹೊರಡುವವರು ತಿರುಗಿ ಕೇಳಿದರು: "ಕೆಲವು ಸಲ ಬಟ್ಟೆಗೆ ಏನಾದ್ರೂ ತಗುಲಿದ್ರೂ ಹೀಗೆ ಕಾಣುತ್ತೆ. ಆ ಒಳಂಗಿ ತೊಳೆದದ್ದೇ ತಾನೆ? ಅದಕ್ಕೆ ಜೇಬು ಗೀಬು ಏನಾದ್ರೂ?"

"ಹೊಚ್ಚಹೊಸದು. ಜೇಬಿಲ್ಲ ಡಾಕ್ಟ್ರೇ" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ಅದನ್ನ ಹೊಲಿದವಳೇ ನಾನು" ಎಂದು ಬೇರೆ ಸೇರಿಸಿದೆ.

ಮತ್ತೆ ಕುರ್ಚಿಗೆ ಬಂದು ಕುಸಿದೆ. ದಪ್ಪ ಬಾಗಿಲ ಆ ಕಡೆ ತಂಗಿ ಒಬ್ಬಳೇ ಕಾಯುತ್ತಿದ್ದಾಳೆ, ನಾನು ಈ ಕಡೆ. ಅವಳಿಗೆ ಏನಾದರೂ ಆದರೆ ಎಂಬ ಯೋಚನೆಯನ್ನು ಅಲ್ಲಿಯವರೆಗೆ ನಾನು ಹತ್ತಿರ ಸುಳಿಯಲು ಬಿಟ್ಟಿರಲಿಲ್ಲ. ಈಗ ಅದು ಬಂದು ಪಕ್ಕದ ಕುರ್ಚಿಯಲ್ಲೇ ಕೂತಿತು. ಮನೆಗೆ ಹೋಗಿ ಅಮ್ಮನಿಗೆ ಏನು ಹೇಳಲಿ? ಪಕ್ಕೆಲುಬು ಎನ್ನಲೇ, ಶ್ವಾಸಕೋಶ ಎನ್ನಲೇ? ಮತ್ತೆ ಮಾತ್ರೆ, ಮತ್ತೆ ಒಂಟಿ ಕೋಣೆ, ಎಷ್ಟು ಸಲ? ಅವಳಿಲ್ಲದ ಮನೆಯಲ್ಲಿ ನಾನು ಯಾರ ಮೇಲೆ ರೇಗಲಿ? ಕಣ್ಣು ತುಂಬಿ, ಎದುರಿನ ಹಸಿರು ಗೋಡೆ ಕದಡಿಹೋಯಿತು. ಯಾರೋ ಬರುವ ಸದ್ದಾಯಿತು. ಅಳುವುದನ್ನು ಯಾರೂ ನೋಡುವುದು ನನಗೆ ಸುತರಾಂ ಇಷ್ಟವಿಲ್ಲ. ಕಣ್ಣೊರೆಸಿಕೊಳ್ಳಲು ಅಂಗಿಯೊಳಗೆ ಕೈ ಹಾಕಿ, ಎಡಗಡೆ ಕಂಕುಳ ಕೆಳಗಿನ ಕಳ್ಳಜೇಬಿನಿಂದ ಕರವಸ್ತ್ರ ಎಳೆದೆ.

ಅರ್ಧ ಎಳೆದ ಕೈ ಅಲ್ಲೇ ನಿಂತಿತು.

ಎಡಗಡೆ. ಕಂಕುಳಿನಿಂದ ಒಂದು ಅಂಗೈ ಕೆಳಗೆ.

ಆಮೇಲೆ ನಾನು ಮಾಡಿದ್ದನ್ನು ಆ ವಿಭಾಗದವರು ಇವತ್ತಿಗೂ ಹೇಳಿಕೊಂಡು ನಗುತ್ತಿರಬಹುದು. ಹಳದಿ ಗುರುತಿನ ಬಾಗಿಲನ್ನು ಎರಡೂ ಕೈಯಿಂದ ಬಡಿದೆ. ಟೆಕ್ನೀಷಿಯನ್ ಗಾಬರಿಯಿಂದ ಬಾಗಿಲು ತೆರೆದರು.

"ಕಳ್ಳಜೇಬು!" ಎಂದು ಕಿರುಚಿದೆ.

"ಯಾವ ಕಳ್ಳ? ಎಲ್ಲಿ?" ಅವರು ನನ್ನ ಹಿಂದೆ ಹಾದಿಯುದ್ದಕ್ಕೂ ಇಣುಕಿದರು. ಸವೆದ ರಾಗ ಆ ಹೊತ್ತಿಗೆ ಎಲ್ಲೋ ಹಾರಿಹೋಗಿತ್ತು.

"ಕಳ್ಳ ಅಲ್ಲ ಸಾರ್, ಜೇಬು! ಅವಳ ಒಳಂಗೀಲಿ ಜೇಬಿದೆ! ನಾನೇ ಹೊಲಿದದ್ದು!"

ಒಳಗಿನಿಂದ, ಇನ್ನೂ ಪೂರ್ತಿ ಮರಳದ ಒಡಕು ದನಿಯಲ್ಲಿ, ನನ್ನ ತಂಗಿ ಹೇಳಿದ್ದು ಕೇಳಿಸಿತು: "ಅಯ್ಯೋ ಅಕ್ಕ! ಯಾಕೆ ಹೇಳಿದೆ?"

ಪಕ್ಕೆಲುಬೋ ಶ್ವಾಸಕೋಶವೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡು ಕೂತವಳು ಕೇಳಿದ ಪ್ರಶ್ನೆ ಇದು.

ಡಾಕ್ಟರು ಬಂದರು. ಕೈಗವಸು ತೊಟ್ಟು ಅವಳ ಕಳ್ಳಜೇಬಿನಿಂದ ಮುದ್ದೆಯಾದ ಕರವಸ್ತ್ರವನ್ನು ತೆಗೆದರು. ವಾರದಿಂದ ಅದೇ ಕರವಸ್ತ್ರ. ಹಳೆಯ ಒಳಂಗಿ ಬಿಚ್ಚುವಾಗ ಹೊಸದಕ್ಕೆ ದಾಟಿಸಿಕೊಂಡಿದ್ದಳು. ಟೆಕ್ನೀಷಿಯನ್ ಕೈಯಲ್ಲಿದ್ದ ವಿಕಿರಣ ಅಳೆಯುವ ಸಣ್ಣ ಪೆಟ್ಟಿಗೆಯನ್ನು ಅದರ ಹತ್ತಿರ ಹಿಡಿದದ್ದೇ ತಡ, ಅದು ಕರ್ರೆಂದು ಅರಚಿತು. ಅಷ್ಟು ಕರ್ಕಶವಾದ ಸದ್ದು ನನ್ನ ಕಿವಿಗೆ ಅಷ್ಟು ಇಂಪಾಗಿ ಕೇಳಿದ್ದು ಅದೊಂದೇ ಸಲ. ಕರವಸ್ತ್ರವನ್ನು ಸೀಸದ ಡಬ್ಬಿಗೆ ಹಾಕಿದರು, ಒಳಂಗಿಯನ್ನೂ ಬಿಚ್ಚಿಸಿದರು, ಪಕ್ಕೆಯ ಚರ್ಮವನ್ನು ಸೋಪು ಹಚ್ಚಿ ತೊಳೆಸಿದರು. ಮತ್ತೆ ಅವಳನ್ನು ಮಲಗಿಸಿದರು. ನನ್ನನ್ನು ಮತ್ತೆ ಹೊರಗೆ ಕೂರಿಸಿದರು.

ಈ ಸಲದ ಕಾಯುವಿಕೆಯನ್ನು ನಾನು ಯಾರಿಗೂ ಬಯಸುವುದಿಲ್ಲ. ಆಸೆ ಹುಟ್ಟಿದ ಮೇಲೆ ಕಾಯುವುದು ಇನ್ನೂ ಕಷ್ಟ. ಕರವಸ್ತ್ರದ ಹಿಂದೆ ನಿಜವಾದ ಚುಕ್ಕೆಯೂ ಒಂದಿದ್ದರೆ?

ಡಾಕ್ಟರು ಬಾಗಿಲಿನಿಂದಲೇ ಕೈಬೀಸಿ ಕರೆದರು. ಪರದೆಯ ಮೇಲೆ ಅದೇ ಬೂದು ಆಕಾರ. ಕೊರಳಲ್ಲಿ ಆ ಸಣ್ಣ ಕಲೆ. ಎಡಗಡೆ ಪಕ್ಕೆ ಒಗೆದ ಬಟ್ಟೆಯಷ್ಟು ಸ್ವಚ್ಛ.

"ಸಿಟಿ ಜೊತೆ ಹೊಂದಿಸಿಯೂ ನೋಡಿದೆ. ಪಕ್ಕೆಲುಬಲ್ಲಿ ಏನಿಲ್ಲ, ಶ್ವಾಸಕೋಶದಲ್ಲಿ ಏನಿಲ್ಲ. ಬೇರೆಲ್ಲೂ ಹರಡಿರೋ ಗುರುತಿಲ್ಲ. ಕೊರಳಲ್ಲಿ ಉಳಿದಿರೋದನ್ನ ಅಯೋಡಿನ್ನೇ ನೋಡ್ಕೊಳ್ಳುತ್ತೆ. ಆಗಾಗ ರಕ್ತಪರೀಕ್ಷೆಗೆ ಬರ್ತಾ ಇರಿ." ಆಮೇಲೆ ನಕ್ಕರು. "ನೀವು ಬಾಗಿಲು ಬಡೀದಿದ್ರೂ ಪಕ್ಕದ ಚಿತ್ರದಲ್ಲಿ ಅದು ಮೈಯಿಂದ ಹೊರಗಿದೆ ಅಂತ ಗೊತ್ತಾಗ್ತಿತ್ತು. ಆದ್ರೆ ನಿಮಗೆ ಅಷ್ಟು ಹೊತ್ತಿನ ಸಂಕಟ ತಪ್ಪಿತು."

ಹೋದ ಜೀವ ಬಂದಂತಾಯಿತು. ಅವರ ಕುರ್ಚಿಯಲ್ಲೇ, ಕೇಳದೆ, ಕೂತುಬಿಟ್ಟೆ.

ತಂಗಿ ಬಟ್ಟೆ ಹಾಕಿಕೊಂಡು ಬಂದು ಬಾಗಿಲ ಬಳಿ, ದೂರದಲ್ಲೇ, ನಿಂತಳು. ಡಾಕ್ಟರು ಅವಳಿಗೂ ಎಲ್ಲವನ್ನೂ ಇನ್ನೊಮ್ಮೆ ಹೇಳಿ, ಹುಸಿಮುನಿಸಿನಿಂದ ಬೆರಳಾಡಿಸಿದರು. "ಕರವಸ್ತ್ರ ಬೇಡ ಅಂದಿರಲಿಲ್ವಾ? ಅಷ್ಟು ಕಪ್ಪಾಗಿ ಕಾಣಬೇಕಾದ್ರೆ ಅದು ಚೆನ್ನಾಗಿಯೇ ನೆಂದಿರಬೇಕು. ಜೊಲ್ಲು, ಬೆವರು, ಕಣ್ಣೀರು, ಎಲ್ಲದರಲ್ಲೂ ಅಯೋಡಿನ್ ಹೊರಗೆ ಬರುತ್ತೆ."

"ಹುಳಿ ಮಿಠಾಯಿ ಡಾಕ್ಟ್ರೇ. ಬಾಯಲ್ಲಿ ನೀರು ನಿಲ್ಲಲ್ಲ" ಎಂದಳು ತಂಗಿ, ನೆಲ ನೋಡುತ್ತ.

ಕಾರಿನಲ್ಲಿ ಕೂತ ಮೇಲೆ ಮೊದಲು ಅಮ್ಮನಿಗೆ ಫೋನು ಮಾಡಿದೆ. ಎಲ್ಲೂ ಹರಡಿಲ್ಲವಂತೆ ಎಂದೆ. ಆ ಕಡೆಯಿಂದ ಮೂಗೆಳೆದ ಸದ್ದು. ಆಮೇಲೆ ನಾನು ಚುಕ್ಕೆಯ ಕಥೆ ಹೇಳಿದೆ, ಕಳ್ಳಜೇಬಿನವರೆಗೂ.

"ಹೇಳಿಬಿಟ್ಯಾ?" ಎಂದಳು ಅಮ್ಮ.

"ಹೇಳಲೇಬೇಕಾಯ್ತು ಅಮ್ಮ."

"ಎಷ್ಟು ಜನ ಇದ್ರು?"

"ಇಬ್ಬರು."

ಅಮ್ಮ ಯೋಚಿಸಿದಳು. "ಹೋಗಲಿ ಬಿಡು. ಇನ್ಮೇಲೆ ಬಲಗಡೆ ಹೊಲಿ" ಎಂದು, ದನಿ ಒಡೆದು, ಫೋನಿಟ್ಟಳು.

ಇಬ್ಬರೂ ನಕ್ಕೆವು. ಗಾಡಿ ಬೀದಿಗಿಳಿಯಿತು. ಬಿಸಿಲು ಚೆನ್ನಾಗಿತ್ತು, ಅಂಗಡಿಗಳ ಮುಂದೆ ಜನ ತಮ್ಮ ಪಾಡಿಗೆ ತಾವು ಓಡಾಡುತ್ತಿದ್ದರು, ಎಲ್ಲರೂ ನನ್ನ ಕಣ್ಣಿಗೆ ಒಳ್ಳೆಯವರಾಗಿ ಕಂಡರು. ಸಿಗ್ನಲ್ಲಿನಲ್ಲಿ ನಿಂತಾಗ ಕನ್ನಡಿಯಲ್ಲಿ ಅವಳ ಮುಖ ನೋಡಿ, ಕೆಣಕಬೇಕೆಂದೇ ಕೇಳಿದೆ: "ಕರವಸ್ತ್ರ ಹಿಂಡಿದ್ರೆ ನೀರು ಬರೋಷ್ಟು ಜೊಲ್ಲು ಸುರಿಸ್ತೀಯೇನೇ? ಎಳೆ ಮಗು ನೀನು?"

ಎಂಥ ಮಾತಿಗೂ ಒಂದು ತಿರುಗೇಟು ಇಟ್ಟುಕೊಂಡಿರುವವಳು ಕಿಟಕಿಯ ಕಡೆ ತಿರುಗಿದಳು.

"ಜೊಲ್ಲಲ್ಲ ಅಕ್ಕ" ಎಂದಳು ಕೊನೆಗೆ.

ನಾನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ದಿನಾ ಅಳ್ತಿದ್ದೆ. ನೀನು ಮೆಷಿನ್ ತುಳಿಯೋಕೆ ಶುರುಮಾಡಿದ ಕೂಡ್ಲೇ. ಆ ಸದ್ದಲ್ಲಿ ನಿನಗೆ ಕೇಳ್ಸಲ್ಲ ಅಂತ."

ಆ ಖಾಲಿ ಯಂತ್ರ ನನ್ನ ಕಣ್ಣ ಮುಂದೆ ಬಂತು. ದಾರವಿಲ್ಲ, ಬಟ್ಟೆಯಿಲ್ಲ. ನಾನು ಮುಖವನ್ನು ತೋಳಿಗೆ ಒತ್ತಿಕೊಂಡು, ಕಾಲು ಮಾತ್ರ ಆಡಿಸುತ್ತ, ಗಂಟೆಗಟ್ಟಲೆ.

"ನಾನೂ ಅದಕ್ಕೇ ಕಣೇ ತುಳೀತಿದ್ದದ್ದು" ಎಂದೆ.

ಸಿಗ್ನಲ್ಲು ಹಸಿರಾಗಿತ್ತು. ಹಿಂದಿನಿಂದ ಯಾರೋ ಹಾರ್ನು ಹೊಡೆದರು, ನನ್ನ ಕಾಲು ತಪ್ಪಿ ಗಾಡಿ ಒಮ್ಮೆ ಕುಲುಕಿ ನಡುಬೀದಿಯಲ್ಲೇ ನಿಂತುಬಿಟ್ಟಿತು. ಹಿಂದೆ ಸಾಲು ಬೆಳೆಯಿತು, ಹಾರ್ನುಗಳು ಹೆಚ್ಚಾದವು. ನನಗೆ ಕಣ್ಣು ಕಾಣುತ್ತಿರಲಿಲ್ಲ. ಹಿಂದಿನ ಸೀಟಿನ ಆ ಮೂಲೆಯಲ್ಲಿ ಅವಳೂ ಅಂಗೈಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು, ಕರವಸ್ತ್ರವಿರಲಿಲ್ಲವಲ್ಲ.

"ಕ್ಲಚ್ಚು!" ಎಂದು ಕೂಗಿದಳು. ದನಿಯಲ್ಲಿ ಒಡಕು ಸ್ವಲ್ಪವೂ ಇರಲಿಲ್ಲ. ಬೀದಿಯ ಆ ತುದಿಗೂ ಕೇಳಿಸಿರಬೇಕು.